ಒಬ್ಬರು ಮೊದಲು ಹೊರಟಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ಪ್ರೀತಿಸುವ ಇಬ್ಬರ ನಡುವೆ ಒಂದೇ ಒಂದು ತರಗತಿಯ ಅಂತರ. ಶಾಲೆಯಲ್ಲಿದ್ದಷ್ಟು ದಿನ ಅದು ಲೆಕ್ಕಕ್ಕೇ ಬಂದಿರಲಿಲ್ಲ. ಈಗ ಅವಳು ಕಾಲೇಜಿಗೆಂದು ದೂರದ ಹಾಸ್ಟೆಲ್ ಸೇರಿದ್ದಾಳೆ. ಅವನಿಗೆ ಶಾಲೆ ಇನ್ನೂ ಒಂದು ವರ್ಷ ಬಾಕಿ. 'ಎಲ್ಲ ಹುಡುಗಾಟ, ಮರೆತುಹೋಗುತ್ತೆ' ಎಂದು ನಾವು ಹಿರಿಯರು ಸುಲಭವಾಗಿ ಹೇಳಿಬಿಡುತ್ತೇವೆ. ಆ ವಯಸ್ಸಿನಲ್ಲಿ ನಮಗೂ ಯಾರಾದರೂ ಹಾಗೆಂದಿದ್ದರೆ ಸಿಟ್ಟು ಬರುತ್ತಿತ್ತೇ ಹೊರತು ಸಮಾಧಾನವಾಗುತ್ತಿರಲಿಲ್ಲ.

ಹೋದವರ ಕಷ್ಟ ಎಲ್ಲರಿಗೂ ಕಾಣುತ್ತದೆ: ಹೊಸ ಜಾಗ, ಹೊಸ ಮುಖ, ಮುಗಿಯದ ಪಾಠ. ಉಳಿದವರದು ಕಾಣುವುದಿಲ್ಲ. ಅವನಿಗೆ ಅದೇ ದಾರಿ, ಅದೇ ಗಂಟೆ, ಅದೇ ಮೆಟ್ಟಿಲು; ಅವಳೊಬ್ಬಳಿಲ್ಲ. ಅವಳ ಮಾತಿನಲ್ಲೋ ದಿನಕ್ಕೊಂದು ಹೊಸ ಹೆಸರು. ಆ ಹೆಸರುಗಳಿಗೆ ಅವನ ಮನಸ್ಸಿನಲ್ಲಿ ಮುಖವಿಲ್ಲ. ಮುಖವಿಲ್ಲದ ಕಡೆ ಅನುಮಾನ ತಾನೇ ಒಂದು ಮುಖ ಬರೆದುಕೊಳ್ಳುತ್ತದೆ. ಜಗಳ ಶುರುವಾಗುವುದು ಬಹುಪಾಲು ಇಲ್ಲೇ.

ಹಾಗಾಗಿ ಹೋದವರಿಗೆ ನನ್ನದೊಂದು ಮಾತು: ದೊಡ್ಡ ಸುದ್ದಿಗೆ ಕಾಯಬೇಡಿ, ಸಣ್ಣಪುಟ್ಟದ್ದನ್ನು ಹೇಳಿ. ರೂಮ್‌ಮೇಟ್ ಗೊರಕೆ ಹೊಡೆಯುವುದು, ತರಗತಿ ಹುಡುಕುತ್ತ ದಾರಿ ತಪ್ಪಿದ್ದು. ಅವನ ದಿನವನ್ನೂ ಕೇಳಿ; 'ಅಲ್ಲೇನಿರುತ್ತೆ ಹೊಸದು' ಅಂದುಕೊಳ್ಳಬೇಡಿ. ಉಳಿದವರೇ, ಫೋನಿನಲ್ಲಿ 'ಲಾಸ್ಟ್ ಸೀನ್' ಕಾಯುತ್ತ ಕೂರಬೇಡಿ. ರಾತ್ರಿ ಒಂದು ಗಂಟೆಗೆ ಅವಳು ಎಚ್ಚರವಿದ್ದಳು ಅನ್ನುವುದಷ್ಟೇ ಅದರಿಂದ ತಿಳಿಯುತ್ತದೆ. ಯಾಕೆ ಎಚ್ಚರವಿದ್ದಳು ಅನ್ನುವುದು ಅವಳನ್ನು ಕೇಳಿದರೆ ಮಾತ್ರ ಗೊತ್ತಾದೀತು. ಮಾತಿಗೊಂದು ಹೊತ್ತು ಗೊತ್ತುಮಾಡಿಕೊಳ್ಳಿ. ಪರೀಕ್ಷೆಯ ವಾರ ಅದು ತಪ್ಪಿದರೆ ಪಂಚಾಯಿತಿ ಸೇರಿಸಬೇಡಿ.

ಇನ್ನೊಂದು ವಿಷಯ ಸ್ವಲ್ಪ ಸೂಕ್ಷ್ಮ. ಮುಂದಿನ ವರ್ಷ ಅವಳಿರುವ ಕಾಲೇಜಿಗೇ ಸೇರಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಅವನು ಲೆಕ್ಕ ಹಾಕುತ್ತಿರುತ್ತಾನೆ. ಅಮೆರಿಕದ ಸಂಶೋಧಕಿ ಲಾರಾ ಸ್ಟ್ಯಾಫರ್ಡ್ ಮತ್ತು ಸಂಗಡಿಗರು 2006ರಲ್ಲಿ, ದೂರವಿದ್ದು ಪ್ರೀತಿಸುತ್ತಿದ್ದ ಕಾಲೇಜು ವಿದ್ಯಾರ್ಥಿಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಮತ್ತೆ ಒಂದೇ ಊರಿಗೆ ಬಂದ ಜೋಡಿಗಳಲ್ಲಿ ಮೂರರಲ್ಲೊಂದು ಪಾಲು ಮೂರು ತಿಂಗಳೊಳಗೆ ಬೇರಾಗಿದ್ದವು! ದೂರದಲ್ಲಿದ್ದಾಗ ಮನಸ್ಸಿನಲ್ಲಿ ಕಡೆದಿಟ್ಟ ಮೂರ್ತಿಯೇ ಬೇರೆ, ಎದುರಿಗೆ ಬಂದು ನಿಂತ ಮನುಷ್ಯರೇ ಬೇರೆ. ಅವಳು ಅಲ್ಲಿಲ್ಲದಿದ್ದರೂ ನಾನು ಇದೇ ಓದು ಆರಿಸಿಕೊಳ್ಳುತ್ತಿದ್ದೆನೇ ಎಂದು ಅರ್ಜಿ ತುಂಬುವ ಮುಂಚೆ ಅವನು ತನ್ನನ್ನೇ ಕೇಳಿಕೊಳ್ಳಲಿ.

ಮನಸ್ಸು ಬದಲಾದರೋ? ಆಗಲೂ ಬಾಯಿಬಿಟ್ಟು ಹೇಳಬೇಕು. ಮೆಸೇಜಿಗೆ ಉತ್ತರ ಕೊಡುವುದನ್ನು ದಿನದಿನಕ್ಕೆ ಕಡಿಮೆ ಮಾಡುತ್ತ, ಅವನೇ ಅರ್ಥ ಮಾಡಿಕೊಳ್ಳಲಿ ಎಂದು ಸುಮ್ಮನಾಗುವುದು ಬೇಡ. ಸಾಧ್ಯವಾದರೆ ರಜೆಗೆ ಬಂದಾಗ, ಎದುರಿಗೇ ಕೂತು ಹೇಳಿ.

ನಮಸ್ಕಾರ.