ಗೆರೆ ಎಳೆಯುವ ಮೊದಲು ಬೈತಖೋಲಕ್ಕೆ ಹೋಗಿ

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸ್ತಾ ಇದೆಯಾ? ಸರಿ.

ಕಾರವಾರದ ಕಡಲಲ್ಲಿ ಪವರ್‌ಬೋಟ್ ರೇಸ್ ಮಾಡಿದರೆ ಹೇಗೆ ಎಂಬ ಮಾತು ಊರಲ್ಲಿ ಓಡಾಡುತ್ತಿದೆ. ಹುಡುಗರಿಗೆ ಉತ್ಸಾಹ ಇದೆ, ಹೋಟೆಲಿನವರಿಗೂ ಇದೆ. ನನಗೂ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. 2017ರ ಮಾರ್ಚಿನಲ್ಲಿ ಮುಂಬಯಿಯ ಮರೀನ್ ಡ್ರೈವ್ ಎದುರು ಇಂಥ ರೇಸ್ ನಡೆಯಿತು. 2018ರ ನವೆಂಬರಿನಲ್ಲಿ ವಿಜಯವಾಡದ ಹತ್ತಿರ ಕೃಷ್ಣಾ ನದಿಯಲ್ಲಿ ಎಫ್1 ಬೋಟ್‌ಗಳೇ, ಅಂದರೆ ಫಾರ್ಮುಲಾ 1 ದರ್ಜೆಯ ಪವರ್‌ಬೋಟ್‌ಗಳೇ ಓಡಿದವು. ನಮ್ಮ ಟಾಗೋರ್ ಕಡಲತೀರದಲ್ಲಿ ಕೂತು ನೋಡುವುದಕ್ಕೆ ಗ್ಯಾಲರಿ ಕಟ್ಟುವುದೇ ಬೇಡ, ಅಲ್ವಾ?

ಇವತ್ತು ನನ್ನ ವಿಷಯ ಒಂದೇ. ರೇಸ್ ನಡೆಯುವ ಹೊತ್ತಿನಲ್ಲಿ ಉಳಿದ ದೋಣಿ, ಬೋಟ್‌ಗಳನ್ನು ತಡೆಯಬೇಕಾಗುತ್ತದೆ. ಎಷ್ಟು ತಡೆಯಬೇಕು, ಹೇಗೆ ತಡೆಯಬೇಕು, ಯಾರನ್ನು ಕೇಳಿ ತಡೆಯಬೇಕು? ನನ್ನ ಉತ್ತರವನ್ನೂ ಈಗಲೇ ಹೇಳುತ್ತೇನೆ. ನಕ್ಷೆಯ ಮೇಲೆ ಗೆರೆ ಎಳೆಯುವ ಮೊದಲು ನಮ್ಮ ಮೀನುಗಾರಿಕೆ ಬಂದರು ಬೈತಖೋಲಕ್ಕೆ ಹೋಗಿ. ಈ ಮಾತನ್ನು ಇನ್ನೂ ಒಂದೆರಡು ಸಲ ಹೇಳುವವನಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ವೇಗದ ಲೆಕ್ಕ ನೋಡೋಣ. ಎಫ್1 ಬೋಟ್ ಗಂಟೆಗೆ 200 ಕಿಲೋಮೀಟರ್ ದಾಟುತ್ತದೆ. ಅಂದರೆ ಒಂದು ಸೆಕೆಂಡಿಗೆ 55 ಮೀಟರ್. ಅದಕ್ಕೆ ಬ್ರೇಕ್ ಇಲ್ಲ. ನಮ್ಮ ಟ್ರಾಲ್ ಬೋಟ್ ಎಂಟು ನಾಟ್‌ನಲ್ಲಿ ಬರುತ್ತಿದೆ ಅಂತ ಇಟ್ಟುಕೊಳ್ಳಿ. ಸೆಕೆಂಡಿಗೆ ನಾಲ್ಕು ಮೀಟರ್ ಚಿಲ್ಲರೆ ಆಯಿತು. ಇನ್ನೂರು ಮೀಟರ್ ಅಗಲದ ರೇಸ್ ಪಟ್ಟಿಯನ್ನು ಅದು ಅಡ್ಡ ದಾಟಲು ಸುಮಾರು ಐವತ್ತು ಸೆಕೆಂಡ್ ಬೇಕು. ಅಷ್ಟರಲ್ಲಿ ರೇಸ್ ಬೋಟ್ ಎರಡೂವರೆ ಕಿಲೋಮೀಟರ್‌ಗೂ ಜಾಸ್ತಿ ಬಂದಿರುತ್ತದೆ. ತಾಂಡೇಲ, ಅಂದರೆ ಮೀನುಗಾರಿಕೆ ಬೋಟ್ ನಡೆಸುವವನು, ದಾಟಲು ಶುರು ಮಾಡಿದಾಗ ಕಣ್ಣಿಗೆ ಬೀಳದೇ ಇದ್ದ ಬೋಟ್, ಅವನು ದಾಟಿ ಮುಗಿಸುವ ಮೊದಲೇ ಮೈಮೇಲೆ ಬಂದಿರುತ್ತದೆ.

ಇನ್ನೊಂದು ವಿಷಯ. ಆ ಬೋಟ್ ಪೂರ್ತಿ ನೀರಿನಲ್ಲಿ ಇರುವುದಿಲ್ಲ. ಅಡಿಯಲ್ಲಿ ನುಗ್ಗುವ ಗಾಳಿ ಅದನ್ನು ಎತ್ತಿ ಹಿಡಿದಿರುತ್ತದೆ, ತಳದ ಸ್ವಲ್ಪ ಭಾಗ ಮಾತ್ರ ನೀರನ್ನು ಮುಟ್ಟುತ್ತದೆ. ಹಾಗಾಗಿ ಒಂದು ಸಣ್ಣ ಅಲೆ ಸಾಕು, ಮೂತಿ ಮೇಲೆದ್ದು ಹಿಂದಕ್ಕೆ ಮಗುಚಿಬಿಡುತ್ತದೆ. ಆ ಅಲೆ ಎಲ್ಲಿಂದ ಬರುತ್ತದೆ? ದೂರದಲ್ಲಿ ಹಾದುಹೋದ ಒಂದು ಬೋಟಿನಿಂದ. ಬೋಟ್ ಹೋಗಿ ಎಷ್ಟೋ ಹೊತ್ತಾದ ಮೇಲೂ ಅದರ ಅಲೆ ಬರುತ್ತಲೇ ಇರುತ್ತದೆ. ದಡದಲ್ಲಿ ಕೂತವರು ಎಲ್ಲರೂ ಇದನ್ನು ನೋಡಿದ್ದೀರಿ. ಆದ್ದರಿಂದ ರೇಸ್ ಪಟ್ಟಿಯೊಂದನ್ನೇ ಮುಚ್ಚಿದರೆ ಸಾಲದು. ಅದರ ಸುತ್ತ ಖಾಲಿ ಜಾಗ ಬೇಕು. ಆ ಜಾಗದ ಆಚೆ ಹೋಗುವ ಬೋಟ್‌ಗಳೂ ನಿಧಾನವಾಗಿ ಹೋಗಬೇಕು. ಬೋಟ್ ಮಗುಚಿದರೆ ಓಡಿಸುವವನು ಕಾಕ್‌ಪಿಟ್ ಸಮೇತ ನೀರಿನ ಕೆಳಗಿರುತ್ತಾನೆ. ಮುಳುಗುಗಾರರ ಬೋಟ್ ನೇರವಾಗಿ ಅವನ ಹತ್ತಿರ ಹೋಗಬೇಕು. ದಾರಿಯಲ್ಲಿ ಸೆಲ್ಫಿ ತೆಗೆಯುವವರ ದೋಣಿ ನಿಂತಿದ್ದರೆ ಆಗುವುದಿಲ್ಲ.

ಇದು ಬರೀ ಲೆಕ್ಕದ ಮಾತಲ್ಲ. 2024ರ ಡಿಸೆಂಬರ್ 18ರಂದು ಮುಂಬಯಿಯಲ್ಲಿ ಏನಾಯಿತು? ಗೇಟ್‌ವೇಯಿಂದ ಎಲಿಫಂಟಾಕ್ಕೆ ಹೊರಟ ನೀಲ್‌ಕಮಲ್ ಎಂಬ ಪ್ರಯಾಣಿಕರ ಬೋಟಿಗೆ, ಇಂಜಿನ್ ಪರೀಕ್ಷೆಯಲ್ಲಿದ್ದ ನೌಕಾಪಡೆಯ ವೇಗದ ಬೋಟ್ ಬಂದು ಬಡಿಯಿತು. 15 ಜನ ಸತ್ತರು. ಎರಡೂ ಬೋಟ್‌ಗಳಿಗೆ ಅಲ್ಲಿ ಕೆಲಸವಿತ್ತು. ಆದರೆ ಅಷ್ಟು ವೇಗದ ಬೋಟ್ ಮತ್ತು ಜನ ತುಂಬಿದ ಬೋಟ್ ಒಂದೇ ನೀರಿನಲ್ಲಿ, ಒಂದೇ ಹೊತ್ತಿನಲ್ಲಿ ಇದ್ದವು. ನೌಕಾನೆಲೆ ಇರುವ ಊರಿನವರು ನಾವು. ಈ ಸುದ್ದಿ ನಮಗೆ ದೂರದ್ದಲ್ಲ.

ಕಡಲಿನ ಕಾನೂನು ಏನು ಹೇಳುತ್ತದೆ? ಹಡಗುಗಳು ಡಿಕ್ಕಿಯಾಗದಂತೆ ತಡೆಯಲು 1972ರಲ್ಲಿ ಅಂತರರಾಷ್ಟ್ರೀಯ ನಿಯಮಗಳಾದವು. ಅದರ ಐದನೇ ನಿಯಮ, ಸದಾ ಸುತ್ತ ಕಣ್ಣು ಕಿವಿ ಇಟ್ಟಿರಬೇಕು. ಆರನೇ ನಿಯಮ, ಡಿಕ್ಕಿ ತಪ್ಪಿಸಿ ನಿಲ್ಲಿಸಲು ಆಗುವಷ್ಟೇ ವೇಗದಲ್ಲಿ ಹೋಗಬೇಕು. ನಮ್ಮ ತಾಂಡೇಲರು ಈ ನಿಯಮದ ನಂಬರ್ ಓದಿರಲಿಕ್ಕಿಲ್ಲ, ಆದರೆ ದಿನಾ ಪಾಲಿಸುತ್ತಾರೆ. ರೇಸ್ ಬೋಟ್ ಇವೆರಡನ್ನೂ ಪಾಲಿಸಲಾರದು. ಪಾಲಿಸಿದರೆ ಅದು ರೇಸೇ ಅಲ್ಲ. ಇಲ್ಲಿ ಸ್ವಲ್ಪ ನಿಂತು ಯೋಚನೆ ಮಾಡಿ. ನಿಯಮ ಪಾಲಿಸಲಾಗದವರಿಗೆ ಜಾಗ ಮಾಡಿಕೊಡಲು ನಿಯಮ ಪಾಲಿಸುವವರನ್ನು ನಾವು ಹೊರಗೆ ಕಳಿಸುತ್ತಿದ್ದೇವೆ. ಅವರು ನಮಗೆ ಉಪಕಾರ ಮಾಡುತ್ತಿದ್ದಾರೆ. ಉಪಕಾರ ಬೇಕಾದವರು ಮನೆಗೆ ಹೋಗಿ ಕೇಳಬೇಕಲ್ಲವೇ? ಅದಕ್ಕೇ ಹೇಳಿದ್ದು, ಮೊದಲು ಬೈತಖೋಲಕ್ಕೆ ಹೋಗಿ.

ಈಗ ಒಂದು ಕಥೆ ಹೇಳಲೇಬೇಕು. ನನ್ನ ಪರಿಚಯದವರು ಇಲ್ಲಿ ಕೆಲವರು ಇದನ್ನು ಕೇಳಿದ್ದೀರಿ. ಇನ್ನೊಮ್ಮೆ ಕೇಳಿ.

ಬಹಳ ಹಿಂದೆ ಕಾಳಿ ನದಿಯಲ್ಲಿ, ಅಳಿವೆಯಿಂದ ಸ್ವಲ್ಪ ಒಳಗೆ, ನಾಡದೋಣಿಗಳ ಓಟ ಇಟ್ಟಿದ್ದರು. ಇಂಜಿನ್ ಇಲ್ಲ, ಬರೀ ಹುಟ್ಟು. ನಡೆಸುವವರು ಒಬ್ಬ ಮಾಸ್ತರು, ತುಂಬ ಶಿಸ್ತಿನ ಮನುಷ್ಯ. ಎರಡೂ ಕಡೆ ಬಿದಿರು ನೆಟ್ಟು ಕೆಂಪು ಬಟ್ಟೆ ಕಟ್ಟಿಸಿದ್ದರು. ದಡದಲ್ಲಿ ಮೈಕ್. ಜನ ಸೇರಿದರು. ಭರತ ಏರತೊಡಗಿದೆ, ನೀರು ತುಂಬುತ್ತಿದೆ, ಓಟಕ್ಕೆ ಬಹಳ ಒಳ್ಳೆಯ ಹೊತ್ತು. ಮಾಸ್ತರು ಪಂಚಾಂಗ ನೋಡಿಯೇ ಹೊತ್ತು ಇಟ್ಟಿದ್ದರು.

ಆದರೆ ಅದೇ ಹೊತ್ತಿಗೆ ತಿಸ್ರೆ, ಅಂದರೆ ತಿನ್ನುವ ಚಿಪ್ಪು, ತೆಗೆಯುವವರು ವಾಪಸ್ ಬರುತ್ತಾರೆ. ಇಳಿತದಲ್ಲಿ ಮರಳ ದಿಬ್ಬ ಬಿಡುತ್ತದೆ, ಆಗ ಹೋಗಿ ತೆಗೆಯುತ್ತಾರೆ. ನೀರು ಏರತೊಡಗಿದರೆ ದೋಣಿ ತುಂಬಿಕೊಂಡು ಹೊರಡಬೇಕು. ಓಟ ಶುರುವಾಗುವ ಹೊತ್ತಿಗೆ ಸರಿಯಾಗಿ ಒಬ್ಬ ಹೆಂಗಸು ಪಾತಿ ಎಂಬ ಸಣ್ಣ ದೋಣಿಯಲ್ಲಿ ಬುಟ್ಟಿಗಟ್ಟಲೆ ತಿಸ್ರೆ ಹೇರಿಕೊಂಡು ಕೆಂಪು ಬಟ್ಟೆಯ ಒಳಗೆ ಬಂದಳು. ಮೈಕಿನಲ್ಲಿ ಕೂಗಿದ್ದೇ ಕೂಗಿದ್ದು. "ಅಕ್ಕಾ, ಬದಿಗೆ ಹೋಗಿ, ಬದಿಗೆ ಹೋಗಿ!" ಅವಳಿಗೆ ಕೇಳಿಸಲಿಲ್ಲ, ಗಾಳಿ ಎದುರಿತ್ತು. ಕೇಳಿಸಿದ್ದರೂ ಬದಿ ಎಲ್ಲಿದೆ? ಎರಡೂ ಪಕ್ಕ ದಿಬ್ಬ. ನೀರು ಇನ್ನೂ ಆ ದಿಬ್ಬದ ಮೇಲೆ ದೋಣಿ ತೇಲುವಷ್ಟು ಏರಿರಲಿಲ್ಲ. ಆಳ ಇದ್ದದ್ದು ನಡುವೆ ಮಾತ್ರ, ಅಂದರೆ ಓಟದ ಪಟ್ಟಿಯಲ್ಲಿ.

ಆಗ ಒಬ್ಬ ಹುಮ್ಮಸ್ಸಿನ ಸ್ವಯಂಸೇವಕ ಇಂಜಿನ್ ಬೋಟ್ ತೆಗೆದುಕೊಂಡು ಅವಳನ್ನು ತಡೆಯಲು ನುಗ್ಗಿದ. ಹತ್ತಿರ ಹೋಗಿ ಗರ್ರನೆ ತಿರುಗಿಸಿದ. ಆ ಅಲೆಗೆ ಪಾತಿ ದೋಣಿ ತುಂಬಿಹೋಯಿತು. ತಿಸ್ರೆಯೆಲ್ಲ ನೀರುಪಾಲು. ಅವಳು ಈಜಿ ದಿಬ್ಬದ ಮೇಲೆ ನಿಂತಳು, ಪುಣ್ಯಕ್ಕೆ ಏನೂ ಆಗಲಿಲ್ಲ. ಆದರೆ ಅವಳ ಬಾಯಿ ಕೇಳಬೇಕಿತ್ತು! ಮೈಕ್ ಇಲ್ಲದೆಯೇ ಸದಾಶಿವಗಡದವರೆಗೆ ಕೇಳಿಸಿತು. "ನಿಮ್ಮ ಓಟ ನಾಳೆ ಮಾಡಿ, ನೀರು ನನಗೋಸ್ಕರ ನಾಳೆಗೆ ನಿಲ್ಲುತ್ತದಾ?"

ದಡದಲ್ಲಿ ಬಲೆ ಹೊಲಿಯುತ್ತ ಕೂತಿದ್ದ ಒಬ್ಬ ಮುದುಕ ಎದ್ದು ಬಂದ. "ಮಾಸ್ತರೇ, ನಿನ್ನೆ ಸಂಜೆ ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆನಲ್ಲ. ಇನ್ನೊಂದು ತಾಸು ಬಿಟ್ಟರೆ ಎಲ್ಲರೂ ಮನೆ ಸೇರಿರುತ್ತಾರೆ. ನೀರೂ ಇನ್ನಷ್ಟು ಇರುತ್ತದೆ." ಅಷ್ಟೇ. ಮಾಸ್ತರು ದೊಡ್ಡ ಮನುಷ್ಯ, ಅಲ್ಲೇ ಅವನ ಕೈ ಹಿಡಿದುಕೊಂಡರು. ತಿಸ್ರೆಯ ದುಡ್ಡನ್ನೂ ಕೊಟ್ಟರು. ಮುಂದಿನ ವರ್ಷ ಓಟದ ಹೊತ್ತು ಇಟ್ಟವನೇ ಆ ಮುದುಕ. ಪಟ್ಟಿಯ ಎರಡು ತುದಿಯಲ್ಲಿ ಕಾವಲಿಗೆ ನಿಂತದ್ದು ತಿಸ್ರೆಯವರ ದೋಣಿಗಳೇ. ಒಂದು ದೋಣಿಯೂ ಅಡ್ಡ ಬರಲಿಲ್ಲ.

ಅಪಾಯ ತಂದದ್ದು ಸುರಕ್ಷತೆಯ ಬೋಟ್, ಇದನ್ನು ಗಮನಿಸಿ. ಕಾವಲಿಗೆ ನಿಲ್ಲುವವನಿಗೆ ನೀರು ಗೊತ್ತಿರಬೇಕು. ಶಿರಸಿಯಲ್ಲಿ ಮಾರಿಕಾಂಬೆಯ ತೇರು ಎಳೆಯುವ ದಿನ ರಸ್ತೆಗೆ ಬ್ಯಾರಿಕೇಡ್ ಇಟ್ಟರೆ ಆಯಿತು, ಜನ ಇನ್ನೊಂದು ಓಣಿಯಲ್ಲಿ ಹೋಗುತ್ತಾರೆ. ಕಡಲಲ್ಲಿ ಬ್ಯಾರಿಕೇಡೂ ಇಲ್ಲ, ಓಣಿಯೂ ಇಲ್ಲ. ಎಲ್ಲಿ ಬಂಡೆ, ಎಲ್ಲಿ ದಿಬ್ಬ, ಯಾರ ಬಲೆ ಎಲ್ಲಿ ಬಿಟ್ಟಿದೆ ಎಂದು ಬಲ್ಲವರು ಬೈತಖೋಲದಲ್ಲಿದ್ದಾರೆ, ಮಾಜಾಳಿಯಲ್ಲಿದ್ದಾರೆ, ಕೋಡಿಬಾಗದಲ್ಲಿದ್ದಾರೆ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆ ಸೇತುವೆ ಕುಸಿದು ಲಾರಿ ಬಿದ್ದಾಗ, ಚಾಲಕನನ್ನು ಮೇಲೆತ್ತಲು ದೋಣಿ ತೆಗೆದುಕೊಂಡು ಹೋದವರಲ್ಲಿ ಮೀನುಗಾರರಿದ್ದರು. ಕರಾವಳಿ ಕಾವಲು ಪೊಲೀಸರು, ಕೋಸ್ಟ್ ಗಾರ್ಡ್ ಇರಲೇಬೇಕು. ಅವರ ಪಕ್ಕದಲ್ಲಿ ತಾಂಡೇಲರೂ ಇರಲಿ. ಕೂಲಿ ಕೊಟ್ಟು, ವಿಎಚ್ಎಫ್ ರೇಡಿಯೊ ಸೆಟ್ ಕೊಟ್ಟು, ಗೌರವದಿಂದ ನಿಲ್ಲಿಸಿ.

ಕೇಳದೆ ಗೆರೆ ಎಳೆದರೆ ಇಲ್ಲಿ ಯಾರೂ ಒಪ್ಪುವುದಿಲ್ಲ. ಅದಕ್ಕೆ ಕಾರಣವೂ ಇದೆ. ಸೀಬರ್ಡ್ ನೌಕಾನೆಲೆ ಬಂದಾಗ ಅರ್ಗಾ, ಬಿಣಗಾದ ಕಡಲು ಕೈತಪ್ಪಿತು. ದೇಶದ ಕೆಲಸ ಎಂದು ಜನ ಬಿಟ್ಟುಕೊಟ್ಟರು. 2020ರ ಜನವರಿಯಲ್ಲಿ ಕೇಂದ್ರದ ಸಾಗರಮಾಲಾ ಯೋಜನೆಯ ಬಂದರು ವಿಸ್ತರಣೆ ಟಾಗೋರ್ ತೀರದ ಹತ್ತಿರ ಬಂದಾಗ ಮೀನುಗಾರರು ಬೀದಿಗಿಳಿದರು. ಹೀಗೆ ಒಂದೊಂದೇ ಗೆರೆ ನೋಡಿದವರ ಮುಂದೆ "ಮೂರು ದಿನಕ್ಕೆ ಮಾತ್ರ" ಎಂದು ಇನ್ನೊಂದು ಗೆರೆ ಎಳೆದರೆ, ಮೂರು ದಿನ ಎಂಬುದನ್ನು ಅವರು ಯಾಕೆ ನಂಬಬೇಕು?

ಹೊರಗಿನವರು ಹೇಗೆ ಮಾಡುತ್ತಾರೆ ಎಂಬುದೂ ತಿಳಿದಿರಲಿ. ಅಮೆರಿಕದಲ್ಲಿ ಇಂಥ ರೇಸ್ ಮಾಡುವವರು ಸಾಮಾನ್ಯವಾಗಿ 135 ದಿನ ಮೊದಲೇ ಕೋಸ್ಟ್ ಗಾರ್ಡಿಗೆ ಅರ್ಜಿ ಕೊಡಬೇಕು. ಯಾವ ಜಾಗ, ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆ ಎಂಬುದು ಅಕ್ಷಾಂಶ ರೇಖಾಂಶ ಸಮೇತ ಪ್ರಕಟವಾಗುತ್ತದೆ. ನೀರಿನ ಮೇಲೆ ಒಬ್ಬನೇ ಅಧಿಕಾರಿಯ ಮಾತು ನಡೆಯುತ್ತದೆ. ದಾಟಲೇಬೇಕಾದವರು ಅವನ ಅನುಮತಿ ಕೇಳಿ ದಾಟಬಹುದು. ಸಿಯಾಟಲ್‌ನ ಸರೋವರದಲ್ಲಿ ರೇಸ್ ಪಟ್ಟಿಯ ಅಂಚಿಗೆ ತೇಲುವ ಮರದ ದಿಮ್ಮಿಗಳನ್ನು ಸಾಲಾಗಿ ಕಟ್ಟಿ, ನೋಡಲು ಬಂದ ಬೋಟ್‌ಗಳನ್ನು ಅದಕ್ಕೇ ಬಿಗಿಯುತ್ತಾರೆ. ಆಚೆ ಈಚೆ ಅಲೆಯುವಂತಿಲ್ಲ. ನಮ್ಮಲ್ಲಿ ನಿಜವಾಗಿ ತಡೆಯಬೇಕಾದದ್ದು ಇಂಥ ನೋಡುಗರ ಬೋಟ್‌ಗಳನ್ನು. ಹತ್ತಿರದಿಂದ ನೋಡೋಣ ಎಂದು ಒಂದು ಬೋಟಿಗೆ ಹಿಡಿಸದಷ್ಟು ಜನ ಹತ್ತುತ್ತಾರೆ. 2019ರ ಜನವರಿ 21, ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ ಮುಗಿಸಿ ಬರುವಾಗ ಬೋಟ್ ಮಗುಚಿ 16 ಜನರನ್ನು ಕಳೆದುಕೊಂಡೆವು. ಅದನ್ನು ಈ ಸಭೆಗೆ ವಿವರಿಸಬೇಕಾಗಿಲ್ಲ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಐದು ನಿಮಿಷ ಇದೆಯಂತೆ. ಉಳಿದದ್ದನ್ನು ಓಡಿಸುತ್ತೇನೆ.

ಹೊತ್ತು. ಮಧ್ಯಾಹ್ನದ ಮೇಲೆ ಕಡಲಗಾಳಿ ಏರುತ್ತದೆ, ಸಂಜೆ ಪಡುವಣ ಸೂರ್ಯ ಕಣ್ಣಿಗೆ ಹೊಡೆಯುತ್ತಾನೆ. ಬೆಳಗ್ಗೆಯೇ ಮುಗಿಸಿ. ಆದರೆ ಬೋಟ್‌ಗಳು ಮರಳುವ ಹೊತ್ತು ಮೀನಿನ ಮೇಲೆ ನಿಂತಿದೆ, ಬಂಗುಡೆ ಸಿಕ್ಕಿದ ದಿನ ಬೇಗ ಬರುತ್ತಾರೆ. ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ನಡುವೆ ದಾರಿ ತೆರೆದುಕೊಡಬೇಕು. ಜೂನ್, ಜುಲೈಯಲ್ಲಿ ಮೀನುಗಾರಿಕೆ ನಿಷೇಧ ಇದೆ, ಆಗ ಮಾಡಿದರೆ ಯಾರಿಗೂ ತೊಂದರೆ ಇಲ್ಲ ಎಂದು ಒಬ್ಬ ಯುವಕ ನನಗೆ ಸಲಹೆ ಕೊಟ್ಟ. ಅವನು ಘಟ್ಟದ ಮೇಲಿನವನು. ಮಳೆಗಾಲದಲ್ಲಿ ಒಂದು ಸಲ ಬಂದು ನಮ್ಮ ಕಡಲು ನೋಡಿಕೊಂಡು ಹೋಗು ಮಾರಾಯ ಎಂದೆ.

ಬಲೆ. ಹಿಂದಿನ ದಿನವೇ ಆ ಜಾಗದ ಬಲೆಗಳನ್ನು ಎತ್ತಿಸಬೇಕು. ಪ್ರೊಪೆಲ್ಲರಿಗೆ ಬಲೆ ಸಿಕ್ಕಿದರೆ ರೇಸಿನವನ ಜೀವಕ್ಕೂ ಅಪಾಯ, ಮೀನುಗಾರನ ಸಾವಿರಾರು ರೂಪಾಯಿಯೂ ಹೋಯಿತು.

ಗಣ್ಯರ ಬೋಟ್. ಯಾರದ್ದೇ ಇರಲಿ, ಗೆರೆಯ ಒಳಗೆ ಬಿಡಬಾರದು. ತಾಂಡೇಲನನ್ನು ಹೊರಗೆ ನಿಲ್ಲಿಸಿ ಶಾಸಕರ ನೆಂಟರನ್ನು ಒಳಗೆ ಬಿಟ್ಟರೆ ಆ ಗೆರೆ ಅಲ್ಲಿಗೇ ಅಳಿಸಿತು.

ಪರಿಹಾರ. ಕಡಲಿಗೆ ಇಳಿಯದ ದಿನವೂ ಬೋಟಿನ ಸಾಲದ ಕಂತು ನಿಲ್ಲುವುದಿಲ್ಲ, ಬೋಟಿನಲ್ಲಿ ದುಡಿಯುವ ಕಲಾಸಿಗಳ ಮನೆಯ ಒಲೆ ಉರಿಯಬೇಕು. ಎಷ್ಟು ಕೊಡುತ್ತೀರಿ, ಯಾವತ್ತು ಕೊಡುತ್ತೀರಿ ಎಂಬುದನ್ನು ರೇಸಿಗೆ ಮೊದಲೇ ಕಾಗದದ ಮೇಲೆ ಬರೆದು, ಬೈತಖೋಲಕ್ಕೆ ಹೋಗಿ ಕೈಯಲ್ಲಿ ಕೊಡಬೇಕು. ಪರಿಹಾರದ ಪಟ್ಟಿಯಿಂದ ಪಾತಿ ದೋಣಿಯವರನ್ನು ಕೈಬಿಡಬೇಡಿ. ಅವರ ಹತ್ತಿರ ಸಂಘದ ಚೀಟಿ ಇರುವುದಿಲ್ಲ, ಆದರೆ ಅವರಿಗೂ ದಿನ ಹೋಗಿರುತ್ತದೆ.

ಇಷ್ಟು ಹೇಳುವಷ್ಟರಲ್ಲಿ ಮೂರನೇ ಸಾಲಿನಲ್ಲಿ ಇಬ್ಬರು ತಾಂಡೇಲರು ಕೈ ಎತ್ತಿದ್ದಾರೆ. ನನ್ನ ಉಳಿದ ನಿಮಿಷ ಅವರಿಗೆ ಕೊಡುತ್ತೇನೆ. ಯಾರಾದರೂ ಮೈಕ್ ಅಲ್ಲಿಗೆ ತೆಗೆದುಕೊಂಡು ಹೋಗಿ.