ಜೈಸಲ್ಮೇರಿನ ಸುತ್ತ, ನೀರಿನ ಜಾಡಿನಲ್ಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಜೈಸಲ್ಮೇರಿಗೆ ಹೋದವರಲ್ಲಿ ಬಹಳಷ್ಟು ಮಂದಿ ಬೆಳಗ್ಗೆ ಕೋಟೆ ನೋಡುತ್ತಾರೆ, ಸಂಜೆ ಸಮ್ ಎಂಬಲ್ಲಿ ಮರಳುದಿಬ್ಬ ಹತ್ತಿ ಸೂರ್ಯಾಸ್ತದ ಫೋಟೊ ತೆಗೆಯುತ್ತಾರೆ, ಮರುದಿನ ರೈಲು ಹತ್ತಿಬಿಡುತ್ತಾರೆ. ಅಷ್ಟು ದೂರ ಹೋಗಿ ಇಷ್ಟೇ ನೋಡಿ ಬರುವುದು ನಷ್ಟ. ಥಾರ್ ಮರುಭೂಮಿಯ ಈ ಮೂಲೆಯಲ್ಲಿ ವರ್ಷಕ್ಕೆ 200 ಮಿಲಿಮೀಟರ್ ಮಳೆಯೂ ಬೀಳುವುದಿಲ್ಲ. ರಾವಲ್ ಜೈಸಲ 1156ರಲ್ಲಿ ಇಲ್ಲಿ ಕೋಟೆ ಕಟ್ಟಿದ ಮೇಲೆ ಜನ ಊರನ್ನು ಶಾಶ್ವತವಾಗಿ ಬಿಟ್ಟು ಹೋಗಲಿಲ್ಲ. ಇಂದಿಗೂ ಕೋಟೆಯೊಳಗೆ ಮನೆಗಳಿವೆ, ಅಂಗಡಿಗಳಿವೆ, ಒಲೆ ಉರಿಯುತ್ತದೆ. ಇಷ್ಟು ಕಡಿಮೆ ಮಳೆಯಲ್ಲಿ ಬದುಕಿದ್ದು ಹೇಗೆ ಎಂದು ಕೇಳಿಕೊಂಡು ಮೂರು ದಿನ ಸುತ್ತಿದರೆ ಮರಳುಗಾಡು ಬೇರೆಯದೇ ಆಗಿ ಕಾಣುತ್ತದೆ.

ಮೊದಲು ಕಾಲದ ಮಾತು. ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಕೊನೆಯವರೆಗೆ ಒಳ್ಳೆಯ ಸಮಯ. ಬೇಸಿಗೆಯಲ್ಲಿ ಬಿಸಿಲು 45 ಡಿಗ್ರಿ ದಾಟುತ್ತದೆ, ಆಗ ಈ ಸುತ್ತಾಟ ಬೇಡ. ಜನವರಿಯ ರಾತ್ರಿ ಮಾತ್ರ ಚೆನ್ನಾಗಿ ಚಳಿ ಹಿಡಿಸುತ್ತದೆ, ಸ್ವೆಟರ್ ಸಾಲದು, ಕಿವಿ ಮುಚ್ಚುವ ಟೋಪಿಯೂ ಬೇಕು. ಇನ್ನೊಂದು ಸಂಗತಿ ಹಲವರ ಲೆಕ್ಕ ತಪ್ಪಿಸುತ್ತದೆ. ಜೈಸಲ್ಮೇರ್ ದೇಶದ ಪಶ್ಚಿಮದ ತುದಿಯಲ್ಲಿದೆ, ಗಡಿಯಾರ ಮಾತ್ರ ದೇಶಕ್ಕೆಲ್ಲ ಒಂದೇ. ಹಾಗಾಗಿ ಜನವರಿಯಲ್ಲಿ ಸೂರ್ಯ ಹುಟ್ಟುವುದು ಬೆಳಗಿನ ಏಳೂವರೆಯ ಆಸುಪಾಸಿನಲ್ಲಿ, ಮುಳುಗುವುದು ಸಂಜೆ ಆರು ದಾಟಿದ ಮೇಲೆ. ಐದಕ್ಕೇ ಎದ್ದು ಕತ್ತಲಲ್ಲಿ ಕಾಯಬೇಕಾಗಿಲ್ಲ.

ಮೊದಲ ದಿನ ಊರಿನ ಪಕ್ಕದಲ್ಲೇ ಸುತ್ತಿ. ಬೆಳಕು ಹರಿಯುವಾಗ ಗಡಿಸರ್ ಕೆರೆಯ ಮೆಟ್ಟಿಲ ಮೇಲಿರಿ. 14ನೇ ಶತಮಾನದಲ್ಲಿ ಮಹಾರಾವಲ್ ಗಡ್ಸಿ ಸಿಂಗ್ ಇದನ್ನು ಕಟ್ಟಿಸಿ ಬಲಪಡಿಸಿದ. ನಲ್ಲಿ ನೀರು ಬರುವ ತನಕ ಇಡೀ ಊರು ಕುಡಿದದ್ದು ಇದೇ ಕೆರೆಯ ಮಳೆನೀರನ್ನು. ದೋಣಿ ವಿಹಾರ ಇದೆ, ಆದರೆ ಅದಕ್ಕಿಂತ ದಂಡೆಯ ಮೇಲೆ ನಡೆದು ಸುತ್ತಲಿನ ನೆಲದ ಇಳಿಜಾರು ಗಮನಿಸಿ. ಬಿದ್ದ ನೀರೆಲ್ಲ ಒಂದೇ ಕಡೆ ಹರಿದು ಬರುವಂಥ ಜಾಗವನ್ನು ಅವರು ಹೇಗೆ ಆರಿಸಿದರು ಎಂಬುದು ಅಲ್ಲಿ ಕಾಣುತ್ತದೆ.

ಅಲ್ಲಿಂದ ವಾಯವ್ಯಕ್ಕೆ ಸುಮಾರು 16 ಕಿಲೋಮೀಟರ್ ದೂರದ ಲೋದ್ರವಾಕ್ಕೆ ಹೋಗಿ. ಭಾಟಿ ರಾಜರ ಹಳೆಯ ರಾಜಧಾನಿ ಅದು. ಊರು ಅಳಿದಿದೆ, ಪಾರ್ಶ್ವನಾಥರ ಜೈನ ಬಸದಿ ಉಳಿದಿದೆ. ಹಳದಿ ಕಲ್ಲಿನ ತೋರಣ, ಜಾಲಂಧ್ರದ ಗೋಡೆಗಳು, ಲೋಹದ ಎಲೆಗಳಿರುವ ಕಲ್ಪವೃಕ್ಷ ಇವೆಲ್ಲ ಬೆಳಗಿನ ಓರೆ ಬೆಳಕಿನಲ್ಲಿ ಚೆನ್ನಾಗಿ ಕಾಣುತ್ತವೆ. ಇಲ್ಲಿಯೂ ಕೋಟೆಯೊಳಗಿನ ಬಸದಿಗಳಲ್ಲಿಯೂ ಚರ್ಮದ ಬೆಲ್ಟು, ಪರ್ಸು ಒಳಗೆ ಬಿಡುವುದಿಲ್ಲ, ಬಟ್ಟೆಯ ಚೀಲ ಒಯ್ಯಿರಿ. ಕೋಟೆಯ ಬಸದಿಗಳನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಬೇಡಿ, ಹೊರಗಿನವರಿಗೆ ದರ್ಶನ ಬೆಳಗಿನ ಹೊತ್ತಿನಲ್ಲಿ.

ಹಿಂದಿರುಗುವಾಗ ಅಮರ್ ಸಾಗರ್ ಸಿಗುತ್ತದೆ. ಚಳಿಗಾಲ ಕಳೆಯುತ್ತಿದ್ದಂತೆ ಈ ಕೆರೆ ಒಣಗುತ್ತದೆ, ಅದನ್ನು ಕಂಡು ನಿರಾಶರಾಗಬೇಡಿ. ಒಣಗಿದಾಗಲೇ ಕೆರೆಯಂಗಳದಲ್ಲಿ ತೋಡಿದ ಬಾವಿಗಳು ಕಾಣುವುದು. ಮೇಲಿನ ನೀರು ಬತ್ತಿದರೂ ನೆಲಕ್ಕೆ ಇಳಿದದ್ದು ಬಾವಿಯಲ್ಲಿ ಸಿಗಲಿ ಎಂದು ಕೆರೆ ಕಟ್ಟುವಾಗಲೇ ಯೋಚಿಸಿದ್ದಾರೆ. ಸಂಜೆಗೆ ಬಡಾ ಬಾಗ್ ಇಟ್ಟುಕೊಳ್ಳಿ, ಊರಿನಿಂದ ಉತ್ತರಕ್ಕೆ ಆರು ಕಿಲೋಮೀಟರ್. ರಾಜಮನೆತನದವರ ಸಮಾಧಿ ಛತ್ರಿಗಳು ದಿಣ್ಣೆಯ ಮೇಲೆ ಸಾಲಾಗಿ ನಿಂತಿವೆ, ಹಿಂದೆ ಗಾಳಿಯಂತ್ರಗಳು ತಿರುಗುತ್ತವೆ.

ಎರಡನೆಯ ದಿನ ಕುಲಧರಾ. ಊರಿನಿಂದ ಸುಮಾರು 18 ಕಿಲೋಮೀಟರ್. ಪಾಲಿವಾಲ್ ಬ್ರಾಹ್ಮಣರು 13ನೇ ಶತಮಾನದ ಹೊತ್ತಿಗೆ ನೆಲೆ ನಿಂತು, 19ನೇ ಶತಮಾನದ ಆರಂಭದಲ್ಲಿ ಬಿಟ್ಟುಹೋದ ಹಳ್ಳಿ. ಗೈಡುಗಳು ದೆವ್ವದ ಕತೆಯಿಂದಲೇ ಶುರು ಮಾಡುತ್ತಾರೆ, ದಿವಾನ ಸಾಲಿಮ್ ಸಿಂಗನ ಕಾಟಕ್ಕೆ ಒಂದೇ ರಾತ್ರಿ ಊರೆಲ್ಲ ಖಾಲಿಯಾಯಿತು ಎನ್ನುತ್ತಾರೆ. ನೀರು ಬತ್ತಿದ್ದು, ತೆರಿಗೆಯ ಭಾರ, ಭೂಕಂಪ ಎಂದು ಬೇರೆ ಕಾರಣಗಳನ್ನು ಹೇಳುವವರೂ ಇದ್ದಾರೆ. ಪಾಲಿವಾಲರು ಹೋದದ್ದರ ಕತೆಗಿಂತ ಅವರು ಅಷ್ಟು ಕಾಲ ಇದ್ದದ್ದರ ಕತೆ ದೊಡ್ಡದು. ಅದಕ್ಕೆ ಸಾಕ್ಷಿ ಖಡೀನ್.

ಖಡೀನ್ ಎಂದರೆ ಮಳೆನೀರು ನಿಲ್ಲಿಸಿ ಮಾಡುವ ಬೇಸಾಯ. ಈ ಕಡೆ ನೆಲ ಬಹುಪಾಲು ಕಲ್ಲು ಹಾಸು, ನೀರು ಇಂಗದೆ ಹರಿದುಹೋಗುತ್ತದೆ. ಆ ಇಳಿಜಾರಿನ ಕೆಳತುದಿಯಲ್ಲಿ, ಮಣ್ಣು ಆಳವಾಗಿರುವ ತಗ್ಗಿಗೆ ಅಡ್ಡಲಾಗಿ ಉದ್ದಕ್ಕೆ ಮಣ್ಣಿನ ಒಡ್ಡು ಹಾಕುತ್ತಾರೆ. ಒಂದು ತುದಿಯಲ್ಲಿ ಹೆಚ್ಚಿನ ನೀರು ಹೋಗಲು ಕಲ್ಲಿನ ಕೋಡಿ, ತಳದಲ್ಲಿ ನೀರು ಬಿಡಲು ತೂಬು. ಮಳೆಗಾಲದ ನೀರು ಒಡ್ಡಿನ ಹಿಂದೆ ನಿಂತು ನೆಲಕ್ಕೆ ಇಳಿಯುತ್ತದೆ, ಜೊತೆಗೆ ಮೇಲಿನ ಉಪ್ಪನ್ನೂ ಕೆಳಗೆ ಒಯ್ಯುತ್ತದೆ. ಅಕ್ಟೋಬರ್, ನವೆಂಬರ್ ಹೊತ್ತಿಗೆ ನೀರು ಆರಿದ ಹಸಿ ನೆಲದಲ್ಲಿ ಗೋಧಿ, ಕಡಲೆ ಬಿತ್ತುತ್ತಾರೆ. ಮತ್ತೆ ಒಂದು ಹನಿ ಮಳೆ ಬೀಳದಿದ್ದರೂ ಆ ತೇವದಲ್ಲೇ ಪೈರು ಬಲಿಯುತ್ತದೆ. ಒಡ್ಡಿನ ಕೆಳಗೆ ಬಾವಿ ತೋಡಿದರೆ ಬಸಿದು ಬಂದ ಸಿಹಿ ನೀರು. ಒಡ್ಡು ಒಡೆದರೆ ಆ ವರ್ಷದ ಬೆಳೆ ಹೋಯಿತು, ಅದಕ್ಕೇ ಕೋಡಿಯ ಕಲ್ಲನ್ನು ಅಷ್ಟು ಜೋಪಾನವಾಗಿ ಕೂರಿಸುತ್ತಿದ್ದರು. ಡಿಸೆಂಬರ್, ಜನವರಿಯಲ್ಲಿ ಹೋದರೆ ಬೋಳು ಕಲ್ಲುಗಾಡಿನ ನಡುವೆ ಹಸಿರು ಪಟ್ಟಿಗಳು ಕಂಡಾವು. ಗೈಡಿಗೆ ಖಡೀನ್ ತೋರಿಸು ಎಂದು ನೀವಾಗಿಯೇ ಹೇಳಬೇಕು, ಕೇಳದಿದ್ದರೆ ಯಾರೂ ನಿಲ್ಲಿಸುವುದಿಲ್ಲ.

ಕುಲಧರಾ ದಾಟಿ ಮುಂದೆ ಖಾಬಾ ಕೋಟೆ. ಕೋಟೆಯ ಮೇಲಿನಿಂದ ಕೆಳಗಿನ ಪಾಳು ಹಳ್ಳಿಯ ಬೀದಿಗಳು ನಕ್ಷೆಯಂತೆ ಕಾಣುತ್ತವೆ, ಬೆಳಗ್ಗೆ ನವಿಲುಗಳೂ ಬರುತ್ತವೆ. ಒಂದು ಗಂಟೆ ಸಾಕು.

ಮಧ್ಯಾಹ್ನದ ಮೇಲೆ ಮರಳಿಗೆ ಹೊರಡಿ. ಸಮ್ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್, ಖುರಿ ನೈಋತ್ಯಕ್ಕೆ 45ರ ಮೇಲೆ. ಸಮ್‌ನಲ್ಲಿ ದಿಬ್ಬಗಳು ದೊಡ್ಡವು, ಜನ, ಜೀಪು, ಧ್ವನಿವರ್ಧಕ ಎಲ್ಲವೂ ಹೆಚ್ಚು. ಚಿಕ್ಕ ಮಕ್ಕಳೊಂದಿಗೆ ಒಂದೇ ಸಂಜೆ ಸಿಕ್ಕಿದೆ ಎಂದಾದರೆ ಸಮ್ ಸರಿ. ಉಳಿದವರೆಲ್ಲ ಖುರಿಗೆ ಹೋಗಿ. ಎರಡೂ ಕಡೆ ಸೂರ್ಯ ಮುಳುಗುವ ಒಂದು ಗಂಟೆ ಮೊದಲೇ ದಿಬ್ಬದ ಮೇಲಿರಬೇಕು, ಮರಳಿನ ಗೆರೆಗಳು ಎದ್ದು ಕಾಣುವುದು ಆ ಓರೆ ಬೆಳಕಿನಲ್ಲೇ. ಹತ್ತುವುದು ಗಾಳಿ ಬರುವ ಬದಿಯಿಂದ. ಅಲ್ಲಿ ಇಳಿಜಾರು ಕಡಿಮೆ, ಮರಳು ಬಿಗಿಯಾಗಿರುತ್ತದೆ. ಎದುರು ಬದಿ ಮೂವತ್ತು ಡಿಗ್ರಿಗೂ ಮಿಕ್ಕಿದ ಕಡಿದು, ಮರಳು ಸಡಿಲ, ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ ಜಾರುತ್ತದೆ.

ಒಂಟೆ ಸವಾರಿಗೆ ಬಾಡಿಗೆ ಮಾತಾಡುವಾಗ ಎಷ್ಟು ಹೊತ್ತು, ಯಾವ ದಿಬ್ಬದವರೆಗೆ, ಒಂಟೆಗೋ ತಲೆಗೋ ಎಂಬ ಮೂರನ್ನೂ ಹತ್ತುವ ಮೊದಲೇ ಬಗೆಹರಿಸಿಕೊಳ್ಳಿ. ಒಂಟೆ ಏಳುವಾಗ ಮೊದಲು ಹಿಂಗಾಲು ಎತ್ತುತ್ತದೆ, ಸವಾರ ಮುಂದಕ್ಕೆ ಮುಗ್ಗರಿಸುತ್ತಾನೆ. ಆಗ ಹಿಂದಕ್ಕೆ ಬಾಗಿ ತಡಿಯ ಹಿಡಿ ಬಿಗಿಯಾಗಿ ಹಿಡಿಯಬೇಕು. ಕೂರುವಾಗ ಮುಂಗಾಲು ಮಡಿಸುತ್ತದೆ, ಆಗಲೂ ಹಿಂದಕ್ಕೇ ಬಾಗಬೇಕು. ಬೀಳುವವರು ಹೆಚ್ಚಾಗಿ ಬೀಳುವುದು ಈ ಎರಡು ಗಳಿಗೆಯಲ್ಲಿ.

ಸಮ್, ಖುರಿಯ ಸುತ್ತಲ ನೆಲ ಡೆಸರ್ಟ್ ನ್ಯಾಷನಲ್ ಪಾರ್ಕ್‌ಗೆ ಸೇರಿದ್ದು, ವಿಸ್ತಾರ 3,162 ಚದರ ಕಿಲೋಮೀಟರ್. ಎರೆಭೂತ ಹಕ್ಕಿಯ ಕೊನೆಯ ದೊಡ್ಡ ನೆಲೆ ಇದು, ಅಲ್ಲಿನವರು ಗೋಡಾವಣ್ ಎನ್ನುತ್ತಾರೆ. ಸುಮಾರು ಒಂದು ಮೀಟರ್ ಎತ್ತರದ ಈ ಹಕ್ಕಿಗೆ ನೇರ ಎದುರಿನ ನೋಟ ಕಡಿಮೆ, ಹಾರುವಾಗ ವಿದ್ಯುತ್ ತಂತಿಗೆ ಬಡಿದು ಸಾಯುತ್ತದೆ. ಅದರಲ್ಲೂ ಸಾಮಾನ್ಯವಾಗಿ ಇಡುವುದು ಒಂದೇ ಮೊಟ್ಟೆ. ಆದ್ದರಿಂದ ದಯವಿಟ್ಟು ಜೀಪನ್ನು ದಾರಿ ಬಿಟ್ಟು ಸೇವಣ್ ಹುಲ್ಲಿನೊಳಗೆ ಓಡಿಸಲು ಒತ್ತಾಯಿಸಬೇಡಿ. ಮೊಟ್ಟೆ ಇರುವುದು ಬರೀ ನೆಲದ ಮೇಲೆ. ನೋಡಬೇಕೆಂದರೆ ಅರಣ್ಯ ಇಲಾಖೆಯ ಪರವಾನಗಿ ಪಡೆದು ಬೆಳಗ್ಗೆ ಪಾರ್ಕಿನೊಳಗಿನ ಸುದಾಸರಿಗೆ ಹೋಗಿ. ದಾರಿಯಲ್ಲಿ ಬನ್ನಿ ಮರ, ಎಕ್ಕದ ಗಿಡ ಸಿಗುತ್ತವೆ. ಬನ್ನಿಗೆ ಅಲ್ಲಿ ಖೇಜ್ರಿ ಎನ್ನುತ್ತಾರೆ, ಅದರ ಎಳೆ ಕಾಯನ್ನು ಒಣಗಿಸಿದ್ದೇ ಊಟದಲ್ಲಿ ಸಿಗುವ ಸಾಂಗ್ರಿ.

ಮೂರನೆಯ ದಿನ ದೂರದ್ದು. ರಾಮಗಢ, ಲೋಂಗೇವಾಲಾ, ತನೋಟ್, ಮತ್ತೆ ರಾಮಗಢದ ಮೂಲಕ ವಾಪಸ್. ಒಟ್ಟು ಮುನ್ನೂರು ಕಿಲೋಮೀಟರಿನ ಹತ್ತಿರ. ಎಂಟಕ್ಕೆ ಹೊರಡಿ. ರಾಮಗಢದಲ್ಲಿ ಟ್ಯಾಂಕ್ ತುಂಬಿಸಿ, ಆಮೇಲೆ ಪೆಟ್ರೋಲ್ ಸಿಗುತ್ತದೆಂದು ನಂಬಬೇಡಿ. ಫೋನಿನ ಸಿಗ್ನಲ್ ಕೈಕೊಡುತ್ತದೆ, ನಕ್ಷೆಯನ್ನು ಹೋಟೆಲಿನಲ್ಲೇ ಇಳಿಸಿಕೊಂಡಿರಿ. ತಲೆಗೆ ನಾಲ್ಕೈದು ಲೀಟರ್ ನೀರು, ಎಲ್ಲರ ಗುರುತಿನ ಚೀಟಿಯ ಮೂಲ ಪ್ರತಿ ಕಾರಿನಲ್ಲಿರಲಿ. ತನೋಟ್‌ನಿಂದಾಚೆ ಗಡಿಯ ಕಡೆಗೆ ಹೋಗಲು ಗಡಿ ಭದ್ರತಾ ಪಡೆಯ, ಅಂದರೆ ಬಿಎಸ್‌ಎಫ್‌ನ ಅನುಮತಿ ಬೇಕು.

ರಾಮಗಢದ ಸುತ್ತ ಹೊಲಗಳಿಗೆ ಹರಿಯುವುದು ಇಂದಿರಾ ಗಾಂಧಿ ಕಾಲುವೆಯ ನೀರು, ಪಂಜಾಬಿನ ಹರಿಕೆ ಬ್ಯಾರೇಜಿನಿಂದ ಬಂದದ್ದು. ಕಾಲುವೆ ಬರುವ ಮೊದಲು ಇಲ್ಲಿ ಕುಂಯಿ ಎಂಬ ಕಿರಿದಾದ ಬಾವಿಗಳಿದ್ದವು. ಆಳದ ಅಂತರ್ಜಲ ಉಪ್ಪು. ಅದರ ಮೇಲೆ ಜಿಪ್ಸಮ್ಮಿನ ಪದರವೊಂದು ಅಡ್ಡ ಕೂತು ಮಳೆಯ ತೇವವನ್ನು ಮೇಲಿನ ಮರಳಲ್ಲೇ ತಡೆದಿಡುತ್ತದೆ. ಆ ಪದರವನ್ನು ಒಡೆಯದೆ ಅಲ್ಲಿಯವರೆಗೆ ಮಾತ್ರ ತೋಡಿದರೆ ತೇವ ಬಸಿದು ಹನಿಗೂಡುತ್ತದೆ, ದಿನಕ್ಕೆ ಎರಡು ಮೂರು ಕೊಡ.

ಲೋಂಗೇವಾಲಾದಲ್ಲಿ 1971ರ ಡಿಸೆಂಬರ್ 4ರ ರಾತ್ರಿ ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ನೇತೃತ್ವದ 23ನೇ ಪಂಜಾಬ್ ಪಡೆಯ ಸುಮಾರು 120 ಸೈನಿಕರು ಪಾಕಿಸ್ತಾನದ ಟ್ಯಾಂಕುಗಳ ದಂಡನ್ನು ಬೆಳಗಿನವರೆಗೆ ತಡೆದು ನಿಂತರು. ಬೆಳಕಾದ ಕೂಡಲೇ ಜೈಸಲ್ಮೇರಿನಿಂದ ಹಂಟರ್ ವಿಮಾನಗಳು ಬಂದವು. ಮೆತ್ತನೆ ಮರಳಲ್ಲಿ ಹೂತ ಟ್ಯಾಂಕುಗಳಿಗೆ ಓಡಲು ದಾರಿಯಿರಲಿಲ್ಲ. ಅಲ್ಲಿಂದ ತನೋಟ್ ಸುಮಾರು 38 ಕಿಲೋಮೀಟರ್. ಬಿಎಸ್‌ಎಫ್ ನಡೆಸುವ ತನೋಟ್ ಮಾತೆಯ ಗುಡಿಯಲ್ಲಿ 1965ರ ಯುದ್ಧದಲ್ಲಿ ಸಿಡಿಯದೆ ಬಿದ್ದ ಗುಂಡುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ.

ಈ ದಾರಿಯಲ್ಲಿ ಕೆಡುವುದು ಸಾಮಾನ್ಯವಾಗಿ ಒಂದೇ ರೀತಿ. ಫೋಟೊಗೆಂದು ಟಾರು ಬಿಟ್ಟು ಕಾರನ್ನು ಪಕ್ಕಕ್ಕೆ ಇಳಿಸುತ್ತಾರೆ, ಚಕ್ರ ಹೂಳುತ್ತದೆ. ಆಗ ಆಕ್ಸಿಲರೇಟರ್ ಒತ್ತಿದಷ್ಟೂ ಗುಂಡಿ ಆಳವಾಗುತ್ತದೆ. ಎಲ್ಲರೂ ಇಳಿಯಿರಿ, ಚಕ್ರಗಳ ಸುತ್ತಲ ಮರಳನ್ನು ಕೈಯಲ್ಲಿ ತೋಡಿ, ಟೈರಿನ ಗಾಳಿಯನ್ನು 18 ಪಿಎಸ್‌ಐ ಆಸುಪಾಸಿಗೆ ಇಳಿಸಿ, ಎಂಜಿನ್ ತಿರುಗಿಸುವ ಚಕ್ರಗಳ ಹಿಂದೆ ಕಾರಿನ ಮ್ಯಾಟ್ ಒತ್ತಿ, ಬಂದ ಜಾಡಿನಲ್ಲೇ ರಿವರ್ಸ್ ಗೇರಿನಲ್ಲಿ ನಿಧಾನಕ್ಕೆ ಹೊರಡಿ. ಟಾರಿಗೆ ಬಂದ ಮೇಲೆ ಗಾಳಿ ತುಂಬಿಸದೆ ವೇಗವಾಗಿ ಓಡಿಸಿದರೆ ಟೈರು ಕಾದು ಹಾಳಾಗುತ್ತದೆ, ಕಾರಿನ ಸಾಕೆಟ್ಟಿಗೆ ಹಾಕುವ ಚಿಕ್ಕ ಪಂಪು ಜೊತೆಗಿರಲಿ. ಕತ್ತಲಾಗುವ ಮೊದಲೇ ರಾಮಗಢ ದಾಟಿಬಿಡಿ. ಚಳಿಗಾಲದ ರಾತ್ರಿ ದನ, ಒಂಟೆಗಳು ಬೆಚ್ಚಗಿನ ಟಾರಿನ ಮೇಲೆ ಬಂದು ನಿಲ್ಲುತ್ತವೆ, ಒಂಟೆಯ ಮೈ ಎತ್ತರಕ್ಕಿರುವುದರಿಂದ ಹೆಡ್‌ಲೈಟಿಗೆ ಕಾಲಷ್ಟೇ ಕಾಣುತ್ತದೆ.

ಅರ್ಧ ದಿನ ಉಳಿದರೆ ಬಾಡಮೇರ್ ರಸ್ತೆಯಲ್ಲಿ 17 ಕಿಲೋಮೀಟರ್ ದೂರದ ಆಕಲ್‌ಗೆ ಹೋಗಿ. ಸುಮಾರು 18 ಕೋಟಿ ವರ್ಷ ಹಿಂದಿನ ಮರದ ಕಾಂಡಗಳು ಕಲ್ಲಾಗಿ ಬಿದ್ದಿವೆ, ಅತಿ ಉದ್ದದ್ದು 13 ಮೀಟರ್. ನೆರಳಿಲ್ಲ, ಬೆಳಗ್ಗೆಯೇ ಮುಗಿಸಿ.

ಜೋಧಪುರದ ಕಡೆ ಹಿಂದಿರುಗುವವರು ಫಲೋದಿಯಲ್ಲಿ ಇಳಿದು ಪಕ್ಕದ ಖೀಚನ್ ಹಳ್ಳಿ ನೋಡಬಹುದು. ಚಳಿಗಾಲಕ್ಕೆ ಸಾವಿರಾರು ಕುರ್ಜಾ ಕೊಕ್ಕರೆಗಳು ಅಲ್ಲಿಗೆ ವಲಸೆ ಬರುತ್ತವೆ, ಊರವರು ಬೇಲಿ ಹಾಕಿದ ಅಂಗಳದಲ್ಲಿ ಕಾಳು ಚೆಲ್ಲುತ್ತಾರೆ. ಹಕ್ಕಿಗಳು ಕಾಳಿಗೆ ಇಳಿಯುವುದು ಬೆಳಗ್ಗೆ. ಬಿಸಿಲೇರಿದ ಮೇಲೆ ತಲುಪಿದರೆ ಅಂಗಳದಲ್ಲಿ ಹುಡುಕಬೇಡಿ, ಊರಾಚೆಯ ಕೆರೆಗಳ ಕಡೆಗೆ ಹೋಗಿ. ಮಾರ್ಚ್ ಮುಗಿಯುವ ಹೊತ್ತಿಗೆ ಅವು ಹೊರಟುಹೋಗಿರುತ್ತವೆ.

ನಮಸ್ಕಾರ.