ಒಂದು ಬೀಟ್‌ಗೆ ಎಷ್ಟು ಟಿಕ್?

ಕೇಳುಗರೇ, ನಮಸ್ಕಾರ. ದಾವಣಗೆರೆಯಲ್ಲಿ ಗಣೇಶನ ಹಬ್ಬ ಬಂತು ಅಂದರೆ ಆರ್ಕೆಸ್ಟ್ರಾದವರಿಗೆ ಪುರುಸೊತ್ತೇ ಇರುವುದಿಲ್ಲ. ದುಗ್ಗಮ್ಮನ ಜಾತ್ರೆ ಇದ್ದರಂತೂ ಕೇಳೋದೇ ಬೇಡ. ಕೀಬೋರ್ಡ್, ರಿದಂ ಪ್ಯಾಡ್ ಜೊತೆಗೆ ಡ್ರಮ್ ಮಷಿನ್, ಲ್ಯಾಪ್‌ಟಾಪ್ ಇಟ್ಟುಕೊಳ್ಳುವ ಹುಡುಗರಿಗಾಗಿ ಇವತ್ತಿನ ಈ ಮಾತು.

ಡ್ರಮ್ ಮಷಿನ್, ಲ್ಯಾಪ್‌ಟಾಪ್ ಒಂದೇ ತಾಳಕ್ಕೆ ನುಡಿಯಬೇಕಾದರೆ ಎರಡರಲ್ಲೂ ವೇಗ 120, ಅಂದರೆ ನಿಮಿಷಕ್ಕೆ 120 ಬೀಟ್, ಅಂತ ಇಟ್ಟು ಒಟ್ಟಿಗೆ ಪ್ಲೇ ಒತ್ತಿದರೆ ಸಾಕಲ್ವಾ? ಸಾಲದು. ಕೈಯಲ್ಲಿ ಒತ್ತುವಾಗಲೇ ಚೂರು ಹಿಂದೆ ಮುಂದೆ ಆಗುತ್ತದೆ. ಒಳಗಿನ ಗಡಿಯಾರಗಳೂ ಕೂದಲೆಳೆಯಷ್ಟು ಬೇರೆ. ಅದಕ್ಕೇ ಒಂದು ಯಂತ್ರ ಮಾಸ್ಟರ್ ಆಗಿ ತಾಳ ಹಾಕಬೇಕು, ಇನ್ನೊಂದು ಅದನ್ನು ಕೇಳಿ ನುಡಿಸಬೇಕು.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಮಾಸ್ಟರ್ ಕಳಿಸುವ ತಾಳದ ಸಂಕೇತದಲ್ಲಿ, ಅಂದರೆ ಕ್ಲಾಕ್‌ನಲ್ಲಿ, 120 ಅನ್ನುವ ಅಂಕಿಯೇ ಇರುವುದಿಲ್ಲ. ಬರೀ ಟಿಕ್, ಟಿಕ್, ಟಿಕ್. ಒಂದು ಬೀಟ್‌ಗೆ ಎಷ್ಟು ಟಿಕ್ ಅನ್ನುವುದನ್ನು ಕೇಳುವ ಯಂತ್ರ ಮೊದಲೇ ತಿಳಿದಿರಬೇಕು. ಸಂಗೀತದ ಯಂತ್ರಗಳು ಒಂದಕ್ಕೊಂದು ಸಂದೇಶ ಕಳಿಸಲು 1983ರಲ್ಲಿ ಬಂದ ಪದ್ಧತಿ ಮಿಡಿ. ಅದರಲ್ಲಿ ಬೀಟ್‌ಗೆ 24. ಅಂದರೆ 120ರ ವೇಗದಲ್ಲಿ ಸೆಕೆಂಡಿಗೆ 48 ಟಿಕ್. ಕೋರ್ಗ್‌ನ ಹಳೇ ಯಂತ್ರಗಳು 48 ಎಣಿಸುತ್ತಿದ್ದವು. ಅದೇ ಕಂಪನಿಯ ವೋಲ್ಕಾ ಅನ್ನುವ ಪುಟ್ಟ ಯಂತ್ರಗಳಲ್ಲಿ ತಾಳದ ವೈರ್ ಸಿಕ್ಕಿಸುವ ಸಿಂಕ್ ಜಾಕ್‌ಗೆ ಬೀಟ್‌ಗೆ ಎರಡೇ ಸಾಕು. 24 ಕಳಿಸುವುದನ್ನು 48 ಎಣಿಸುವುದಕ್ಕೆ ಸಿಕ್ಕಿಸಿದರೆ ಹಾಡು ಅರ್ಧ ವೇಗಕ್ಕೆ ಇಳಿಯುತ್ತದೆ. ಸರಿಯಾಗಿ ಅರ್ಧ ಅಥವಾ ಸರಿಯಾಗಿ ದುಪ್ಪಟ್ಟು ಕೇಳಿಸಿತೋ, ಯಂತ್ರ ಕೆಟ್ಟಿಲ್ಲ, ಲೆಕ್ಕ ತಪ್ಪಿದೆ. ಸೆಟ್ಟಿಂಗ್ ನೋಡಿ.

ವೈರಿನ ವಿಷಯಕ್ಕೆ ಬರೋಣ. 1980ರ ಡ್ರಮ್ ಮಷಿನ್ ರೋಲ್ಯಾಂಡ್ ಟಿಆರ್-808ರ ಹಿಂದೆ ಐದು ಪಿನ್ನಿನ ಸಾಕೆಟ್ ಇದೆ. ನೋಡೋಕೆ ಥೇಟ್ ಮಿಡಿ. ಆದರೆ ಅದು ಡಿನ್ ಸಿಂಕ್, ತಾಳ ಹೊಂದಿಸುವ ಬೇರೆಯೇ ಪದ್ಧತಿ. ಅದರಲ್ಲಿ ಕ್ಲಾಕ್ ಬರುವುದು ಮೂರನೇ ಪಿನ್ನಿಗೆ, ಶುರು ಮಾಡು, ನಿಲ್ಲಿಸು ಅನ್ನುವುದು ಒಂದನೇ ಪಿನ್ನಿಗೆ. ಮಿಡಿ ಓಡಾಡುವುದು ನಾಲ್ಕು ಮತ್ತು ಐದರಲ್ಲಿ. ಎಷ್ಟೋ ಮಿಡಿ ಕೇಬಲ್‌ಗಳಲ್ಲಿ ಒಂದು, ಮೂರಕ್ಕೆ ತಂತಿಯನ್ನೇ ಹಾಕಿರುವುದಿಲ್ಲ. ಹಾಗಾಗಿ ಡಿನ್ ಸಿಂಕ್‌ಗೆ ಐದೂ ಪಿನ್ನಿಗೆ ತಂತಿ ಇರುವ ಕೇಬಲ್ ಬೇಕು. ಮಿಡಿಯಿಂದ ಡಿನ್ ಸಿಂಕ್‌ಗೆ ಹೋಗುವುದಾದರೆ ನಡುವೆ ಕನ್ವರ್ಟರ್ ಕೂಡ ಬೇಕು.

ಇನ್ನೊಂದು. ಡ್ರಮ್ ಮಷಿನ್‌ನಲ್ಲಿ ಕ್ಲಾಕ್ 'ಎಕ್ಸ್‌ಟರ್ನಲ್' ಅಂತ ಇದ್ದು ಹೊರಗಿನಿಂದ ಟಿಕ್ ಬರದಿದ್ದರೆ, ಪ್ಲೇ ಒತ್ತಿದರೂ ಅದು ಸುಮ್ನೆ ಕೂತಿರುತ್ತದೆ. ರಿಪೇರಿಗೆ ಹೊತ್ತುಕೊಂಡು ಹೋಗುವ ಮೊದಲು ಇದನ್ನು ನೋಡಿ. ಮಿಡಿಯಲ್ಲಿ ಟಿಕ್ ಬೇರೆ, ಸ್ಟಾರ್ಟ್ ಬೇರೆ ಸಂದೇಶ. ಟಿಕ್ ಬರುತ್ತಿದ್ದರೂ ಸ್ಟಾರ್ಟ್ ಬರದಿದ್ದರೆ ಸಾಮಾನ್ಯವಾಗಿ ಪ್ಯಾಟರ್ನ್, ಅಂದರೆ ಯಂತ್ರದಲ್ಲಿ ಕೂರಿಸಿದ ತಾಳ, ಓಡುವುದಿಲ್ಲ. ಸ್ಟಾರ್ಟ್ ಅಂದರೆ ಮೊದಲಿಂದ. ನಿಲ್ಲಿಸಿದ ಕಡೆಯಿಂದಲೇ ಮುಂದುವರಿಯಲು ಕಂಟಿನ್ಯೂ.

ಲ್ಯಾಪ್‌ಟಾಪನ್ನು ಮಾಸ್ಟರ್ ಮಾಡಿದಾಗ ಡ್ರಮ್ ಮಷಿನ್‌ನ ಪರದೆಯಲ್ಲಿ 119.8, 120.1 ಅಂತ ಅಂಕಿ ಚೂರು ಅಲುಗಾಡಿದರೆ ಹೆದರಬೇಡಿ. ಪೆಟ್ಟೇ ತಡವರಿಸುತ್ತಿದ್ದರೆ ಮಾತ್ರ ಯೋಚನೆ ಮಾಡಬೇಕು. ಪ್ರತಿ ಪೆಟ್ಟೂ ಒಂದೇ ಅಳತೆಗೆ ತಡವಾಗುತ್ತಿದ್ದರೆ ಆಫ್‌ಸೆಟ್ ಕೊಟ್ಟು, ಅಂದರೆ ಸೆಟ್ಟಿಂಗ್‌ನಲ್ಲಿ ಅಷ್ಟೇ ಅಳತೆಗೆ ಮುಂದೆ ತಂದು, ಸರಿ ಮಾಡಬಹುದು. ಒಮ್ಮೆ ಬೇಗ, ಒಮ್ಮೆ ತಡ ಆದರೆ ಆಫ್‌ಸೆಟ್ಟಿಗೆ ಅದು ಬಗ್ಗುವುದಿಲ್ಲ. ಆಗ ಡ್ರಮ್ ಮಷಿನನ್ನೇ ಮಾಸ್ಟರ್ ಮಾಡಿ, ಲ್ಯಾಪ್‌ಟಾಪ್ ಹಿಂದೆ ಬರಲಿ. ವೇದಿಕೆ ಮೇಲೆ ನನಗೆ ಇದೇ ಜಾಸ್ತಿ ನಂಬಿಕೆಯ ದಾರಿ.

ಢೋಲಕ್ ನುಡಿಸುವವರಿಗೆ ಯಾವ ಕೇಬಲ್ಲೂ ಇಲ್ಲ. ಅವರ ಕಿವಿಗೆ ಇಯರ್‌ಫೋನಿನಲ್ಲಿ ಬೀಟ್ ತೋರಿಸುವ ಕ್ಲಿಕ್ ಸದ್ದು ಕೊಡಿ. ಹೈಸ್ಕೂಲ್ ಮೈದಾನದಂಥ ಜಾಗದಲ್ಲಿ ದೂರದ ಸ್ಪೀಕರಿನ ಸದ್ದು ತಡವಾಗಿ ಬಂದು ಕಿವಿಗೆ ಬೀಳುತ್ತದೆ. ಅದನ್ನು ನಂಬಿ ನುಡಿಸಿದರೆ ಎಂಥ ಒಳ್ಳೆಯ ಕೈಯೂ ಹಿಂದೆ ಬೀಳುತ್ತದೆ.